ನೀರುಗಂಟಿ ಮೊಮ್ಮಗನ ಲೆಕ್ಕ

"ಮೇಷ್ಟ್ರೇ, ನಿಮ್ದು ಯಾವ ಸರ್ವೆ ನಂಬರು?"

ನೀರು ಬಳಕೆದಾರರ ಸಂಘದ ಸಭೆಯಲ್ಲಿ ಕಾರ್ಯದರ್ಶಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ ಇದು. ಮೂವತ್ತು ವರ್ಷ ಹಳ್ಳಿ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವನು ನಾನು. ಈ ಒಂದು ನಂಬರು ಮಾತ್ರ ನನ್ನ ಬಳಿ ಇರಲಿಲ್ಲ. ಪಹಣಿ ಇಲ್ಲ, ಪಟ್ಟೆ ಇಲ್ಲ, ನಾಲೆ ಬಯಲಿನಲ್ಲಿ ಕಾಲೂರುವಷ್ಟು ಗದ್ದೆ ಇಲ್ಲ. "ಹಂಗಾದ್ರೆ ನೀವು ಮೆಂಬರಾಗಕ್ಕೆ ಬರಲ್ಲ ಸಾರ್, ಕಾನೂನು ಹಂಗದೆ" ಅಂದರು. ಅವರು ಹೇಳಿದ್ದು ಸುಳ್ಳಲ್ಲ. 2000ದಲ್ಲಿ ನೀರಾವರಿ ಕಾಯಿದೆಗೆ ತಿದ್ದುಪಡಿ ತಂದು ಈ ಸಂಘಗಳನ್ನು ಮಾಡಿದಾಗಲೇ ಅಚ್ಚುಕಟ್ಟಿನಲ್ಲಿ ಜಮೀನು ಇರುವವರ ಸಂಘ ಅಂತಲೇ ಮಾಡಿದ್ದು. ನೀರನ್ನು ಬಳಸುವವರು ಅಂದರೆ ಜಮೀನು ಉಳ್ಳವರು. ಮಿಕ್ಕವರೆಲ್ಲ ನೀರನ್ನು ಬಳಸುವುದೇ ಇಲ್ಲವೇನೋ, ಗಾಳಿ ಕುಡಿದು ಬದುಕುತ್ತಾರೇನೋ!

ಕಾರ್ಯದರ್ಶಿ ಒಳ್ಳೆಯ ಹುಡುಗ, ನನ್ನ ಹತ್ತಿರವೇ ಮಗ್ಗಿ ಕಲಿತವನು. "ಕುಂತ್ಕಳಿ ಸಾರ್, ಟೀ ಕುಡ್ಕಂಡು ಹೋಗಿ" ಅಂತ ಪ್ಲಾಸ್ಟಿಕ್ ಕುರ್ಚಿ ಎಳೆದು ಹಾಕಿದ. ಕಾಗದದ ಲೋಟದಲ್ಲಿ ಟೀ ಬಂತು. ನಾನು ಹುಡುಗನಾಗಿದ್ದಾಗ ಇದೇ ಊರಿನ ಹೋಟೆಲಿನಲ್ಲಿ ನಮ್ಮವರಿಗೆ ಅಂತ ಸೂರಿನ ಕೆಳಗೆ ಸಿಕ್ಕಿಸಿದ ಬೇರೆ ಲೋಟ ಇರುತ್ತಿತ್ತು. ಈಗ ಎಲ್ಲರಿಗೂ ಕಾಗದದ ಲೋಟ, ಕುಡಿದು ಎಲ್ಲರೂ ನಾಲೆಗೆ ಎಸೆಯುತ್ತಾರೆ. ಸಮಾನತೆ ನಮ್ಮೂರಿಗೆ ಬಂದದ್ದು ಹೀಗೆ.

ನಾನು ಆ ಸಭೆಗೆ ಹೋದದ್ದು ಗದ್ದೆಗೆ ನೀರು ಕೇಳಲಿಕ್ಕಲ್ಲ. ನನ್ನ ಜೊತೆ ಕೇರಿಯ ಇಬ್ಬರು ಹುಡುಗರು, ಹೊಳೆದಂಡೆಯ ಬೆಸ್ತರ ಮನೆಯ ಒಬ್ಬ ಮುದುಕಪ್ಪ ಬಂದಿದ್ದರು. ನಾವು ಕೇಳಬೇಕು ಅಂತಿದ್ದದ್ದು ಇಷ್ಟೆ: ಬೇಸಿಗೆಯಲ್ಲಿ ಕಟ್ಟೆಯ ಕೆಳಗೆ ಹೊಳೆಯನ್ನು ಪೂರ್ತಿ ಒಣಗಿಸಬೇಡಿ, ಮಡುಗಳು ಬತ್ತದ ಹಾಗೆ ಒಂದಿಷ್ಟು ನೀರು ಹರಿಯಲು ಬಿಡಿ. ಮುಂಗಾರಿನ ಹೊಸ ನೀರು ಬಂದ ಮೊದಲ ದಿನಗಳಲ್ಲಿ ಅದನ್ನೂ ಪೂರ್ತಿ ನಾಲೆಗೆ ತಿರುಗಿಸಬೇಡಿ, ಮೀನು ಹತ್ತಲಿ. ಮುದುಕಪ್ಪ ಎದ್ದು ನಿಂತು ಇದನ್ನು ಹೇಳಿದ್ದೇ ತಡ ಸಭೆಯೆಲ್ಲ ನಕ್ಕಿತು. "ಮೀನ್ಗೆ ನೀರಾ? ಕಬ್ಬಿಗೇ ಗತಿ ಇಲ್ಲ ಕನಪ್ಪೋ!" ಅಂತ ಹಿಂದಿನಿಂದ ಯಾರೋ ಕೂಗಿದರು.

ನಾನು ನಗಲಿಲ್ಲ. ಆ ಹೊತ್ತು ನನಗೆ ನೆನಪಾದದ್ದು ನಮ್ಮ ತಾತ.

ನಮ್ಮ ತಾತ ಈ ನಾಲೆಯ ನೀರುಗಂಟಿ. ಅವನ ಅಪ್ಪನೂ ನೀರುಗಂಟಿ. ಕೃಷ್ಣರಾಜಪೇಟೆ ತಾಲೂಕಿನಲ್ಲಿ ಹೇಮಾವತಿಗೆ ಅಡ್ಡ ಹಾಕಿದ ಹಳೆಯ ಕಟ್ಟೆಗಳಿವೆ. ಮೇಲುಗಡೆ ಮಂದಗೆರೆ ಕಟ್ಟೆ, ಕೆಳಗೆ ಬಂಡಿಹೊಳೆ ಹತ್ತಿರ ಹೇಮಗಿರಿ ಕಟ್ಟೆ. ಕನ್ನಂಬಾಡಿಗೆ ಕಲ್ಲು ಇಡುವುದಕ್ಕೆ ಎಷ್ಟೋ ಮೊದಲಿನಿಂದ ಈ ಸೀಮೆಯ ಹೊಳೆಗಳಲ್ಲಿ ಇಂಥ ಕಟ್ಟೆಗಳು ಇದ್ದವು. ಶ್ರೀರಂಗಪಟ್ಟಣದ ಬಂಗಾರದೊಡ್ಡಿ ನಾಲೆ, ಚಿಕ್ಕದೇವರಾಜ ಸಾಗರ ನಾಲೆ, ವಿರಿಜಾ ನಾಲೆ ಎಲ್ಲ ರಾಜರ ಕಾಲದವು. ಯಾವ ರಾಜ ಕಟ್ಟಿಸಿದ ಅಂತ ಪುಸ್ತಕದಲ್ಲಿ ಇದೆ. ಆ ನಾಲೆಗಳ ನೀರನ್ನು ಊರೂರಿಗೆ, ಗದ್ದೆಗದ್ದೆಗೆ ಹಂಚಿದವನು ಯಾರು ಅಂತ ಯಾವ ಪುಸ್ತಕವೂ ಹೇಳುವುದಿಲ್ಲ. ಹಂಚಿದವನು ನೀರುಗಂಟಿ. ನಮ್ಮ ಕಡೆ ಹಳ್ಳಿಹಳ್ಳಿಯಲ್ಲೂ ಆ ಕೆಲಸ ಬಹುಮಟ್ಟಿಗೆ ಹೊಲಗೇರಿಯವರದೇ.

ರಾತ್ರಿಯೆಲ್ಲ ಲಾಟೀನು ಹಿಡಿದು ಏರಿ ಮೇಲೆ ತಿರುಗುವುದು, ತೂಬು ಎತ್ತುವುದು, ಇಳಿಸುವುದು, ಸರದಿ ತಪ್ಪದ ಹಾಗೆ ಗದ್ದೆಗೆ ನೀರು ಕಟ್ಟುವುದು, ಮಳೆ ಹೆಚ್ಚಾದರೆ ಕೋಡಿ ಕಾಯುವುದು. ಕೂಲಿ ಅಂತ ದುಡ್ಡಿಲ್ಲ. ಸುಗ್ಗಿಯಲ್ಲಿ ಕಣದ ಮುಂದೆ ನಿಂತರೆ ಆಯ ಕೊಡುತ್ತಿದ್ದರು. ತಾತ ಟವಲು ಒಡ್ಡಿ "ಬುದ್ದೀ" ಅನ್ನಬೇಕು, ಮೊರದಿಂದ ಭತ್ತ ಸುರಿಯುತ್ತಿದ್ದರು. ಊರಿನ ನೂರು ಎಕರೆಗೆ ನೀರು ಕುಡಿಸಿದ ಅವನಿಗೆ ಊರಬಾವಿಯ ಗಡಗಡೆ ಹಗ್ಗ ಮುಟ್ಟುವ ಹಾಗಿರಲಿಲ್ಲ. ನಮ್ಮವ್ವ ಬಿಂದಿಗೆ ಇಟ್ಟುಕೊಂಡು ದೂರ ನಿಂತಿರಬೇಕು, ಯಾರಾದರೂ ಪುಣ್ಯಾತ್ಗಿತ್ತಿ ಬಂದು ಎತ್ತರದಿಂದ ಹುಯ್ದರೆ ಉಂಟು. ತೂಬಿನಲ್ಲಿ ಮುಳುಗಿ ಎದ್ದು ಬರುವ ಕೈ ನೀರನ್ನು ಕೆಡಿಸುವುದಿಲ್ಲ, ಬಾವಿಗೆ ಇಳಿದ ಬಿಂದಿಗೆ ಕೆಡಿಸುತ್ತದೆ! ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯ ನೀರು ಮುಟ್ಟಿದ ಸುದ್ದಿ ನಮ್ಮ ತಾತನ ಕಿವಿಗೆ ಬಿದ್ದೇ ಇರಲಿಲ್ಲ. ನಾನು ಓದು ಕಲಿತು ಹೇಳಿದಾಗ ಅವನು ಒಂದೇ ಮಾತು ಕೇಳಿದ: "ಆ ಕೆರೆ ನೀರ್ಗಂಟಿ ಯಾರ್ಲಾ ಮೊಗ?"

ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.

ತಾತನಿಗೆ ಅಕ್ಷರ ಬರುತ್ತಿರಲಿಲ್ಲ. ಹೊಳೆ ಓದಲು ಬರುತ್ತಿತ್ತು. ರೋಹಿಣಿ ಮಳೆಗೆ ನೀರಿನ ಬಣ್ಣ ಏನು, ಮಿರುಗಕ್ಕೆ ಏನು, ಆರಿದ್ರಾ ಹುಟ್ಟಿದ ಮೇಲೆ ಸಕಲೇಶಪುರದ ಕಡೆ ಮಳೆ ಬಿದ್ದರೆ ಎಷ್ಟು ಹೊತ್ತಿಗೆ ನಮ್ಮ ಕಟ್ಟೆಯ ಮೇಲೆ ನೊರೆ ಕಾಣುತ್ತದೆ, ಎಲ್ಲ ಅವನಿಗೆ ಬಾಯಿಪಾಠ. ಹೊಸ ನೀರಿನ ವಾಸನೆ ಹಿಡಿದು ಮೀನು ಮೇಲಕ್ಕೆ ಹತ್ತುತ್ತವೆ. ಗೆಂಡೆ, ಬಾಳೆ, ಬಿಳಿಮೀನು ಎಲ್ಲ ಹೊಟ್ಟೆ ತುಂಬ ತತ್ತಿ ಇಟ್ಟುಕೊಂಡು ಪ್ರವಾಹಕ್ಕೆ ಎದುರಾಗಿ ಈಜುತ್ತವೆ. ಕೇರಿಯ ಹೈಕಳೆಲ್ಲ ಕೂಳಿ ಹಿಡಿದು ಓಡುವ ಕಾಲ ಅದು. ಒಂದು ಸಲ ನಾವು ಮೂರು ಜನ ಸೇರಿ ಹಳ್ಳದ ಅಡ್ಡಲಗಲಕ್ಕೂ ಮುಳ್ಳು, ಕಲ್ಲು ಕಟ್ಟಿ ನಡುವೆ ಕೂಳಿ ಇಟ್ಟಿದ್ದೆವು. ತಾತ ಬಂದು ನೋಡಿದವನೇ ಒಂದು ಕಡೆಯ ಕಲ್ಲನ್ನೆಲ್ಲ ಕಾಲಿನಿಂದ ಒದ್ದು ಕಿತ್ತುಹಾಕಿದ.

"ಹತ್ತೋ ಮೀನ್ಗೆ ಪೂರಾ ಅಡ್ಡ ಕಟ್ಟಬಾರ್ದು ಕನ್ಲಾ. ಬಸ್ರಿ ಹೆಂಗ್ಸು ತವರ್ಗೆ ಹೊಂಟವ್ಳೆ ಅನ್ಕೊ. ದಾರಿ ಬುಡ್ಬೇಕು."

ಬೇಸಿಗೆಯಲ್ಲೂ ಹಾಗೆಯೇ. ಹೊಳೆ ಸಣ್ಣಗಾಗಿ ಮಡುಗಳಲ್ಲಿ ಮಾತ್ರ ನೀರು ನಿಂತಾಗ ಅಲ್ಲಿ ಬಲೆ ಬಿಡುವುದಕ್ಕೆ ಬೆಸ್ತರೂ ಹಿಂದೆಮುಂದೆ ನೋಡುತ್ತಿದ್ದರು. ಮಡು ಅಂದರೆ ಬಿತ್ತನೆ ಬೀಜದ ಗುಡಾಣ. ಎಷ್ಟೇ ಹಸಿವಾದರೂ ಬಿತ್ತನೆ ರಾಗಿ ಬೀಸಿಕೊಂಡು ತಿನ್ನುವುದಿಲ್ಲ ಯಾವ ಒಕ್ಕಲೂ. ನೀರು ತೀರ ಇಳಿದರೆ ತಾತ ಯಾರ ಅಪ್ಪಣೆಯೂ ಕೇಳದೆ ರಾತ್ರಿ ಹೊತ್ತು ತೂಬಿನ ಬಾಯಿಗೆ ಹುಲ್ಲುಪಿಂಡಿ ತುರುಕಿ ಒಂದಿಷ್ಟು ನೀರನ್ನು ಹೊಳೆಗೇ ಬಿಡುತ್ತಿದ್ದ. ಇದಕ್ಕಾಗಿ ಒಂದು ವರ್ಷ ಊರಿನ ದೊಡ್ಡ ಕುಳವೊಂದರಿಂದ ಅವನಿಗೆ ಬಾರುಕೋಲಿನ ಏಟೂ ಬಿದ್ದಿತ್ತು. ನಾನಾಗ ನಾಲ್ಕನೇ ಕ್ಲಾಸು. ಬೆನ್ನಿಗೆ ಅರಿಶಿನ, ಎಣ್ಣೆ ಸವರುತ್ತ ಅವ್ವ ಅತ್ತಳು. "ಮೀನ್ಗೋಸ್ಕರ ಏಟ್ ತಿಂದ್ಯಲ್ಲ ಮಾವ!" ಅಂದಳು. ತಾತ ಗೋಡೆ ಕಡೆ ತಿರುಗಿ ಮಲಗಿದ.

ಅವನೊಬ್ಬ ದೊಡ್ಡ ಪುಣ್ಯಾತ್ಮ ಅಂತ ತೋರಿಸುವುದು ನನ್ನ ಉದ್ದೇಶವಲ್ಲ. ಆ ಮೀನು ನಮ್ಮ ಹೊಟ್ಟೆಪಾಡು. ಗದ್ದೆ ಇದ್ದವರಿಗೆ ಭತ್ತ, ನಮಗೆ ಗದ್ದೆ ಬದುವಿನ ಏಡಿ, ನಾಲೆಯ ಗೆಂಡೆ, ಕೆಸರಿನ ಕೊರವ. ವಾರಕ್ಕೆ ಒಂದು ಸಲ ಮುದ್ದೆಯ ಜೊತೆ ನಮ್ಮ ಬಾಯಿಗೆ ಬೀಳುತ್ತಿದ್ದ ಸತ್ವ ಅದೊಂದೇ. ಹೊಳೆ ಬತ್ತಿದರೆ ಕೇರಿಯ ಮಕ್ಕಳ ಕೈಕಾಲು ಕಡ್ಡಿಯಾಗುತ್ತದೆ ಅನ್ನುವುದು ಅವನಿಗೆ ಗೊತ್ತಿತ್ತು. ಈಗ ದೊಡ್ಡ ದೊಡ್ಡ ಮಾತಿನಲ್ಲಿ ನದಿ ಕಣಿವೆಯ ಸುಸ್ಥಿರ ನಿರ್ವಹಣೆ ಅನ್ನುತ್ತಾರಲ್ಲ, ಅದನ್ನು ಒಬ್ಬ ಹೊಲೆಯ ಹುಲ್ಲುಪಿಂಡಿಯಲ್ಲಿ ಮಾಡಿ ಬಾರುಕೋಲಿನ ಏಟು ತಿಂದಿದ್ದ.

ಗ್ರಾಮ ಹುದ್ದೆಗಳ ರದ್ದತಿಯ 1961ರ ಕಾಯಿದೆ ಬಂದು ಪಟೇಲ, ಶಾನುಭೋಗ, ತೋಟಿ, ತಳವಾರ, ನೀರುಗಂಟಿ ಎಲ್ಲ ಹೋದವು. ವಂಶದ ಚಾಕರಿ ತಪ್ಪಿದ್ದು ಒಳ್ಳೆಯದೇ ಆಯಿತು, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆಯಕ್ಕಾಗಿ ಟವಲು ಒಡ್ಡುವ ಆ ಕಾಲ ಮತ್ತೆ ಬರುವುದು ಬೇಡ. ಆದರೆ ಚಾಕರಿಯ ಜೊತೆಗೆ ತೂಬಿನ ಬೀಗವೂ ನಮ್ಮ ಕೈಬಿಟ್ಟಿತು. ಇನಾಮಿನ ತುಂಡು ಜಮೀನು ನಮ್ಮ ಹೆಸರಿಗೆ ಬಂದದ್ದೇನೋ ನಿಜ, ಅತ್ತೆಯ ಮದುವೆಯಲ್ಲಿ ಅಡ ಹೋಯಿತು, ವಾಪಸ್ಸು ಬರಲಿಲ್ಲ. ನನ್ನ ಹತ್ತಿರ ಸರ್ವೆ ನಂಬರು ಇಲ್ಲದ ಕತೆ ಇದು. ಈಗ ನಾಲೆಗೆ ಇಲಾಖೆಯ ಸೌಡಿ ಬರುತ್ತಾನೆ, ಮೇಲಿನಿಂದ ಫೋನು ಬಂದರೆ ಬಾಗಿಲು ಎತ್ತುತ್ತಾನೆ. ನೀರುಗಂಟಿ ಅನ್ನುವ ಹೆಸರು ಪಂಚಾಯ್ತಿಯಲ್ಲಿ ಉಳಿದಿದೆ, ಓವರ್‌ಹೆಡ್ ಟ್ಯಾಂಕಿನ ವಾಲ್ವು ತಿರುಗಿಸುವವನನ್ನು ಹಾಗೆ ಕರೆಯುತ್ತಾರೆ.

ಇನ್ನು ಹೊಳೆಯ ಕತೆ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ಮೂವತ್ತರ ದಶಕದ ಮೊದಲ ಹೊತ್ತಿಗೆ ಮುಗಿಯಿತು. 124.80 ಅಡಿ, 49 ಟಿಎಂಸಿ ಚಿಲ್ಲರೆ. ಮಂಡ್ಯ ಸೀಮೆ ಕಬ್ಬು, ಭತ್ತ ಕಂಡದ್ದು ಅದರಿಂದ. ಅದನ್ನು ಯಾರೂ ಅಲ್ಲಗಳೆಯಬಾರದು, ನಮ್ಮ ಕೇರಿಯವರೂ ಆ ಗದ್ದೆಗಳ ಕೂಲಿಯಿಂದಲೇ ಗಂಜಿ ಕಂಡದ್ದು. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಬಂದು ಸೇರುವ ಜಾಗ ನಮ್ಮ ತಾಲೂಕಿನ ಅಂಬಿಗರಹಳ್ಳಿಯ ಹತ್ತಿರ, ಕನ್ನಂಬಾಡಿಯ ಹಿನ್ನೀರಿನಲ್ಲಿ. ಊರಿನ ಹೆಸರೇ ಅಂಬಿಗರಹಳ್ಳಿ, ದೋಣಿ ನಡೆಸುವವರ ಊರು. 2022ರ ಅಕ್ಟೋಬರಿನಲ್ಲಿ ಅಲ್ಲಿ ಕುಂಭಮೇಳ ನಡೆಯಿತು. ಸ್ವಾಮಿಗಳು, ಮಂತ್ರಿಗಳು ಬಂದು ಪುಣ್ಯಸ್ನಾನ ಮಾಡಿದರು. ಹೊಳೆಯನ್ನು ತಾಯಿ ಅಂದರು. ತಾಯಿಯ ಹೊಟ್ಟೆಯಲ್ಲಿ ಏನು ಉಳಿದಿದೆ ಅಂತ ಅಂಬಿಗರನ್ನು ಕೇಳಿದ್ದರೆ ಹೇಳುತ್ತಿದ್ದರು.

1979ರಲ್ಲಿ ಗೊರೂರಿನಲ್ಲಿ ಹೇಮಾವತಿಗೂ ಅಣೆಕಟ್ಟಾಯಿತು. ಎಡದಂಡೆ ನಾಲೆಯ ನೀರು ನಮ್ಮ ತಾಲೂಕು, ನಾಗಮಂಗಲ, ತುಮಕೂರಿನ ಕಡೆ ಹೊರಟಿತು. ನಾಗಮಂಗಲದವರು ನೀರಿಗಾಗಿ ಎಷ್ಟು ಬಾಯಿ ಬಿಟ್ಟಿದ್ದರು ಅಂತ ನಾನು ಕಂಡಿದ್ದೇನೆ. ಅವರ ನೀರು ನಿಲ್ಲಿಸಿ ಅನ್ನುವವನು ನಾನಲ್ಲ. ಆದರೆ ಅಂದಿನಿಂದ ಆರಿದ್ರಾದ ಹೊಸ ನೀರು ಮೊದಲು ಗೊರೂರಿನ ಹೊಟ್ಟೆ ತುಂಬಿಸಬೇಕು, ಆಮೇಲೆ ನಮಗೆ. ಹೊಳೆ ಬಂತು ಅಂತ ಮೀನಿಗೆ ತಿಳಿಯುವುದೇ ನೀರು ಏರುವುದರಿಂದ, ಕೆಂಪಾಗುವುದರಿಂದ. ಅದು ಸಕಾಲಕ್ಕೆ ಬಾರದಿದ್ದರೆ ತತ್ತಿ ಹೊಟ್ಟೆಯಲ್ಲೇ ಕರಗುತ್ತದೆ. ಬಂದರೂ ಒಂದು ವಾರ ತಡವಾಗಿ, ಒಂದೇ ಸಲ ಬಾಗಿಲೆತ್ತಿ ಬಿಟ್ಟ ನೀರು, ಮರಿಯನ್ನೂ ತತ್ತಿಯನ್ನೂ ಕೊಚ್ಚಿಕೊಂಡು ಹೋಗುತ್ತದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ ಯಂತ್ರದ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ, ಮೀನು ಮರಿಮಾಡಲಿ ಅಂತ ಅರವತ್ತೊಂದು ದಿನದ ರಜೆ. ಕಡಲಿಗೆ ಅದು ಸಾಕಾದೀತು. ಹೊಳೆಯಲ್ಲಿ ಬಲೆ ನಿಲ್ಲಿಸಿದರೆ ಸಾಲದು, ನೀರೂ ಬರಬೇಕು.

ಮರಳಿನ ಮಾತು ಬೇರೆ. ಟ್ರ್ಯಾಕ್ಟರು, ಟಿಪ್ಪರು ರಾತ್ರಿಯೆಲ್ಲ ಹೊಳೆಗೆ ಇಳಿಯುತ್ತವೆ. 2012ರಲ್ಲಿ ಸುಪ್ರೀಂ ಕೋರ್ಟು ಐದು ಹೆಕ್ಟೇರಿಗಿಂತ ಸಣ್ಣ ಜಾಗದಲ್ಲಿ ಮರಳು ತೆಗೆಯುವುದಕ್ಕೂ ಪರಿಸರದ ಅನುಮತಿ ಬೇಕು ಅಂದಿತು. ನಮ್ಮ ದಡದಲ್ಲಿ ಅನುಮತಿ ಕೇಳುವವನೂ ಇಲ್ಲ, ಕೊಡುವವನೂ ಇಲ್ಲ. ಮರಳು, ಗರಸು ಹೋದ ಮೇಲೆ ಬಿಳಿಮೀನು ಎಲ್ಲಿ ತತ್ತಿ ಇಡಬೇಕು? ಲಾರಿಗೆ ಮರಳು ತುಂಬುವ ಕೂಲಿಯೂ ನಮ್ಮ ಕೇರಿಯ ಹುಡುಗರೇ ಅನ್ನುವುದನ್ನು ಮುಚ್ಚಿಡಬಾರದು. ಒಂದು ರಾತ್ರಿಗೆ ಸಿಗುವ ದುಡ್ಡು ಗದ್ದೆ ಕೆಲಸದ ಒಂದು ವಾರದ್ದು. ನಾನು ಬೈದರೆ, "ಮೀನು ಹಿಡ್ದು ಬದ್ಕು ಅಂತೀರಾ ಸಾರ್, ಮೀನೆಲ್ಲದೆ?" ಅಂತಾರೆ.

ಈ ಬಿಳಿಮೀನಿನ ಬಗ್ಗೆ ಸ್ವಲ್ಪ ಹೇಳಬೇಕು. ಇಂಗ್ಲಿಷಿನವರು ಮಹಸೀರ್ ಅಂದದ್ದು. ಕಾವೇರಿ ಕಣಿವೆಯದೇ ಆದ ಗೂನುಬೆನ್ನಿನ ಜಾತಿಯೊಂದಿದೆ, ಲೋಕದಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮೀನು 120 ಪೌಂಡು ತೂಗಿತು. ದೊರೆ ಹಿಡಿದ ಮೀನಿಗೆ ಪೌಂಡಿನ ಲೆಕ್ಕ ಇದೆ. ನಮ್ಮ ಬೆಸ್ತರು ತೆಪ್ಪದಲ್ಲಿ ಹಿಡಿದು ತಲೆ ಮೇಲೆ ಹೊತ್ತು ತಂದದ್ದಕ್ಕೆ ಯಾವ ಲೆಕ್ಕವೂ ಇಲ್ಲ. ಆಮೇಲೆ ಎಪ್ಪತ್ತರ ದಶಕದಿಂದೀಚೆಗೆ ಮಹಾರಾಷ್ಟ್ರದ ಕಡೆಯಿಂದ ನೀಲಿ ರೆಕ್ಕೆಯ ಇನ್ನೊಂದು ಜಾತಿಯ ಮರಿ ತಂದು ಕಾವೇರಿಗೆ ಬಿಟ್ಟರು. ಒಳ್ಳೆಯದು ಮಾಡುತ್ತೇವೆ ಅಂತಲೇ ಬಿಟ್ಟರು. ಅದು ಹೆಚ್ಚಿತು, ಇಲ್ಲಿಯದು ಮೂಲೆಗೆ ಸರಿಯಿತು. ಈ ಗೂನುಬೆನ್ನಿನ ಮೀನಿಗೆ ವಿಜ್ಞಾನಿಗಳು ಸರಿಯಾದ ಹೆಸರು ಗುರುತಿಸಿದ್ದು 2018ರಲ್ಲಿ, ಅಳಿವಿನ ಅಂಚಿನ ಪಟ್ಟಿಯ ಕಟ್ಟಕಡೆಯ ಮೆಟ್ಟಿಲಿಗೆ ಸೇರಿಸಿದ್ದೂ ಅದೇ ವರ್ಷ. ಹೆಸರು ಸಿಗುವ ಹೊತ್ತಿಗೆ ಸಾವಿನ ಚೀಟಿಯೂ ಸಿಕ್ಕಿತು. ಇಂಥ ಗತಿ ಯಾರ್ಯಾರದು ಅಂತ ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ರಾಮನಾಥಪುರದಲ್ಲಿ ದೇವಸ್ಥಾನದ ಮೆಟ್ಟಿಲ ಹತ್ತಿರ ಕಾವೇರಿಯ ಮೀನಿಗೆ ಭಕ್ತರು ಪುರಿ ಹಾಕುತ್ತಾರೆ, ಅಲ್ಲಿ ಯಾರೂ ಬಲೆ ಬೀಸುವುದಿಲ್ಲ. ಶ್ರೀರಂಗಪಟ್ಟಣದ ರಂಗನತಿಟ್ಟನ್ನು ಸಲೀಂ ಅಲಿ ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮ ಮಾಡಿದರು, 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಅಲ್ಲಿ ಮೊಸಳೆ, ನೀರುನಾಯಿ, ಮೀನು ಎಲ್ಲ ಬದುಕಿವೆ. ಬದುಕಲಿ. ದೇವರ ಮೆಟ್ಟಿಲಲ್ಲೂ ಸರ್ಕಾರದ ಬೇಲಿಯೊಳಗೂ ಮೀನು ಉಳಿದಿದೆ ಅಂದರೆ ಮನಸ್ಸು ಮಾಡಿದರೆ ಉಳಿಸಬಹುದು ಅಂತಾಯಿತಲ್ಲ? ಆದರೆ ನಡುವಿನ ಹೊಳೆ ಯಾರದು? ಅಲ್ಲಿ ಸಂಸಾರ ಮಾಡುವವರು ನಾವು. ನಮ್ಮನ್ನು ಕಳ್ಳರ ಹಾಗೆ ನೋಡುತ್ತಾರೆ, ತೋಟೆ ಸಿಡಿಸಿ ಹಿಡಿಯುವವನನ್ನೂ ಗಾಳ ಹಾಕಿ ಕೂತ ಮುದುಕನನ್ನೂ ಒಂದೇ ಪಟ್ಟಿಗೆ ಸೇರಿಸುತ್ತಾರೆ.

ಕೆರೆಯ ಮೀನಿನ ಹರಾಜು ಅದಕ್ಕಿಂತ ಚೆಂದ. ದೊಡ್ಡ ಕೆರೆ ಮೀನುಗಾರಿಕೆ ಇಲಾಖೆಗೆ, ಸಣ್ಣದು ಪಂಚಾಯ್ತಿಗೆ. ಒಂದು ಸಲ ಕೇರಿಯ ಹುಡುಗರು ಬೆಸ್ತರ ಎರಡು ಮನೆಯವರ ಜೊತೆ ಸೇರಿ ಊರಕೆರೆಯನ್ನು ಕೂಗಲು ಹೋದರು. ಚೀಟಿ ದುಡ್ಡು, ಅವ್ವಂದಿರ ಓಲೆ ಎಲ್ಲ ಸೇರಿಸಿ ತಂದಿದ್ದರು. ಹೊರಗಿನಿಂದ ಕಾರಿನಲ್ಲಿ ಬಂದ ಒಬ್ಬ ಗುತ್ತಿಗೆದಾರ ಮೂರು ಪಟ್ಟು ಕೂಗಿ ಎತ್ತಿಕೊಂಡ. ಕಾಟ್ಲಾ, ರೋಹು ಮರಿ ಸುರಿದ. ಮರಿ ತಿಂದುಬಿಡುತ್ತವೆ ಅಂತ ಊರ ಕೊರವ, ಬಾಳೆ ಮೀನನ್ನೆಲ್ಲ ಮೊದಲೇ ಬಳಿಸಿ ಹಾಕಿದ್ದ. ಫಸಲು ಬಂದಾಗ ಲಾರಿಯಲ್ಲಿ ಐಸಿನೊಳಗೆ ಮೀನು ಹೋಯಿತು. ಕೆರೆಯಲ್ಲಿ ನಮಗೆ ಅಂತ ಉಳಿದದ್ದು ಜಿಲೇಬಿ ಮೀನು. 1952ರಲ್ಲಿ ದೇಶಕ್ಕೆ ತಂದ ಜಾತಿ, ಎಲ್ಲಿ ಹೋದರೂ ಹೊಂದಿಕೊಂಡು ಬದುಕಿಬಿಡುತ್ತದೆ. ಆ ಕೆರೆಯ ಹೂಳು ಹೊತ್ತವರು ಯಾರು, ಏರಿಗೆ ಮಣ್ಣು ಹಾಕಿದವರು ಯಾರು ಅಂತ ಹರಾಜಿನ ಕಾಗದದಲ್ಲಿ ಒಂದು ಕಾಲಮ್ಮೂ ಇಲ್ಲ.

ಇನ್ನು ದೊಡ್ಡ ಲೆಕ್ಕಕ್ಕೆ ಬರೋಣ. 1924ರ ಒಪ್ಪಂದ, 1990ರ ಟ್ರಿಬ್ಯುನಲ್ಲು, 1991ರ ಮಧ್ಯಂತರ ತೀರ್ಪು ಎಲ್ಲ ಆಗಿ 2007ರ ಫೆಬ್ರವರಿ 5ರಂದು ಕಾವೇರಿಯ ಅಂತಿಮ ತೀರ್ಪು ಬಂತು. ಹೊಳೆಯಲ್ಲಿ ಇರುವುದು 740 ಟಿಎಂಸಿ ಅಂತ ಹಿಡಿದು ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7 ಹಂಚಿದರು. ಪರಿಸರಕ್ಕೆ ಅಂತ 10. ತಡೆಯಲಾಗದೆ ಕಡಲಿಗೆ ಸೋರಿಹೋಗುವುದು ಅಂತ 4. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ನಮಗೆ 14.75 ಹೆಚ್ಚಿಗೆ ಕೊಟ್ಟು ತಮಿಳುನಾಡಿಗೆ ಅಷ್ಟು ಇಳಿಸಿತು. ಆ ದಿನ ಮಂಡ್ಯದಲ್ಲಿ ಸಿಹಿ ಹಂಚಿದರು, ನಾನೂ ತಿಂದೆ. ಈ 10 ಮತ್ತು 4 ಮಾತ್ರ ಹಾಗೇ ಉಳಿಯಿತು.

ನೋಡಿ, 740ರಲ್ಲಿ 10. ನೂರಕ್ಕೆ ಒಂದೂವರೆಯೂ ಇಲ್ಲ. ಮೀನು, ಏಡಿ, ಆಮೆ, ನೀರುನಾಯಿ, ಹಕ್ಕಿ, ದಂಡೆಯ ಮತ್ತಿಮರ, ಬೆಸ್ತ, ಅಂಬಿಗ, ಹೊಳೆಮೀನು ನಂಬಿದ ಹೊಲಗೇರಿ ಎಲ್ಲಕ್ಕೂ ಸೇರಿ ಅಷ್ಟು. ಆ ಹತ್ತೂ ತಮಿಳುನಾಡಿನ ಗಡಿಯ ಬಿಳಿಗುಂಡ್ಲುವಿನಲ್ಲಿ ಅಳೆದು ಬಿಡುವ ನೀರಿನೊಳಗೆ ಸೇರಿದ್ದು. ಹೇಮಾವತಿಯ ಮಡುವಿಗೆ ಅಂತ, ಲೋಕಪಾವನಿಗೆ ಅಂತ, ಲಕ್ಷ್ಮಣತೀರ್ಥಕ್ಕೆ ಅಂತ ಒಂದು ತೊಟ್ಟೂ ಬರೆದಿಲ್ಲ. ಕಡಲಿನ ಪಾಲನ್ನು ಕರೆದ ರೀತಿಯನ್ನಾದರೂ ನೋಡಿ, ಸೋರಿಕೆಯಂತೆ! ಹೊಳೆ ಕಡಲಿಗೆ ಸೇರುವುದು ಕದ್ದು ಓಡಿಹೋಗುವುದೇ? "ಸಮುದ್ರಕ್ಕೆ ಹೋಗಿ ವ್ಯರ್ಥವಾಗುವ ನೀರು" ಅಂತ ನಮ್ಮ ಕಡೆಯ ಭಾಷಣದಲ್ಲೂ ಆ ಕಡೆಯ ಭಾಷಣದಲ್ಲೂ ಒಂದೇ ಮಾತು. ಎರಡು ರಾಜ್ಯಗಳಿಗೆ ಒಮ್ಮತ ಇರುವುದು ಇದೊಂದರಲ್ಲಿ.

ಕಾವೇರಿ ಕಡಲಿಗೆ ಸೇರುವ ಕಡೆ ಹಿಲ್ಸಾ ಅಂತ ಒಂದು ಮೀನು ಇತ್ತು. ಕಡಲಿನಲ್ಲಿ ಬೆಳೆದು ತತ್ತಿ ಇಡಲಿಕ್ಕೆ ಹೊಳೆ ಹತ್ತುವ ಜಾತಿ. ನಮ್ಮೂರ ತನಕ ಅದು ಬರುತ್ತಿರಲಿಲ್ಲ, ನಮ್ಮ ತಾತ ಕಂಡಿರಲಿಲ್ಲ. ಆದರೆ ಅಲ್ಲಿಯ ಮೀನುಗಾರರು ನಂಬಿದ್ದ ಮೀನು ಅದು. 1934ರಲ್ಲಿ ಮೆಟ್ಟೂರು ಕಟ್ಟೆ ಮುಗಿಯಿತು, ಪ್ರವಾಹ ಕಡಿಮೆಯಾಯಿತು, ದಾರಿ ಮುಚ್ಚಿತು, ಕಾವೇರಿಯ ಹಿಲ್ಸಾ ಕುಸಿದುಹೋಯಿತು. ಹೊಳೆ ಹೊತ್ತು ತರುವ ಗೋಡು, ಸಿಹಿನೀರು ಅಳಿವೆಗೆ ಸೇರದಿದ್ದರೆ ಸೀಗಡಿಯೂ ಸೊರಗುತ್ತದೆ, ಕಡಲೂ ದಂಡೆಯನ್ನು ತಿನ್ನುತ್ತದೆ. ಗೊರೂರಿನಲ್ಲಿ ಬಾಗಿಲು ಇಳಿಸಿದರೆ ನಾಗಪಟ್ಟಣದ ಬೆಸ್ತರ ಹಟ್ಟಿಗೆ ತಟ್ಟುತ್ತದೆ. ಅವರನ್ನು ನಾವು ಕಂಡೂ ಇಲ್ಲ, ನಮ್ಮನ್ನು ಅವರು ಕಂಡೂ ಇಲ್ಲ. 1991ರ ಡಿಸೆಂಬರಿನಲ್ಲಿ ಕಾವೇರಿ ಹೆಸರಿನಲ್ಲಿ ಬೆಂಗಳೂರಿನಲ್ಲಿ ಗುಡಿಸಲು ಸುಟ್ಟಾಗ ಬೆಂದದ್ದು ತಮಿಳು ಕೂಲಿಕಾರರ ಬದುಕು. ಒಂದು ಎಕರೆ ಗದ್ದೆಯೂ ಇಲ್ಲದ, ಎರಡು ರಾಜ್ಯದ ಪಾಲಿನಲ್ಲೂ ಒಂದು ಬಿಂದಿಗೆ ಪಾಲಿಲ್ಲದ ಜನ ಅವರು.

ಇಡೀ ಕಣಿವೆಯನ್ನು ಒಂದೇ ಅಂತ ನೋಡಬೇಕು ಅನ್ನುವ ಮಾತು ಈಗ ಬಂದದ್ದಲ್ಲ. 1942ರಿಂದ 1946ರ ತನಕ ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ಇದ್ದದ್ದು ಬಾಬಾಸಾಹೇಬರ ಕೈಯಲ್ಲಿ, ನೀರಾವರಿ, ವಿದ್ಯುತ್ತೂ ಅದರಲ್ಲೇ ಇತ್ತು. ದಾಮೋದರ ಕಣಿವೆ, ಮಹಾನದಿಯ ಯೋಜನೆಗಳಿಗೆ ತಳಪಾಯ ಹಾಕಿದ್ದು ಆಗ. ನದಿ ಒಂದು ಪ್ರಾಂತ್ಯದ ಸೊತ್ತಲ್ಲ, ಪ್ರವಾಹ, ಬೇಸಾಯ, ವಿದ್ಯುತ್ತು, ದೋಣಿ ಸಂಚಾರ ಎಲ್ಲವನ್ನೂ ಸೇರಿಸಿ ಕಣಿವೆಯನ್ನು ನಿಭಾಯಿಸಬೇಕು ಅನ್ನುವುದು ಅವರ ನಿಲುವು. ಸಂವಿಧಾನ ಬರೆದವರು ಅಂತ ಎಲ್ಲರೂ ಹಾರ ಹಾಕುತ್ತಾರೆ, ನೀರಿನ ಬಗ್ಗೆ ಇಷ್ಟು ದುಡಿದವರು ಅಂತ ಶಾಲೆಯ ಪಾಠದಲ್ಲಿ ನಾನೇ ಎಷ್ಟೋ ವರ್ಷ ಹೇಳಿಕೊಟ್ಟಿರಲಿಲ್ಲ, ನನಗೇ ಗೊತ್ತಿರಲಿಲ್ಲ. ಅವರೂ ದೊಡ್ಡ ಅಣೆಕಟ್ಟನ್ನು ನಂಬಿದವರೇ. ಮೀನಿನ ದಾರಿ ಮುಚ್ಚುತ್ತದೆ ಅನ್ನುವುದು ಆ ಕಾಲದ ಲೆಕ್ಕದಲ್ಲಿ ಇರಲಿಲ್ಲ. ಅವರ ಲೆಕ್ಕವನ್ನು ಮುಂದುವರಿಸುವುದು ನಮ್ಮ ಕೆಲಸ ತಾನೆ? ಬರೀ ಪಟ ತೂಗುಹಾಕಿದರೆ ಆಯಿತೆ? 2018ರಲ್ಲಿ ಆದ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರದಲ್ಲಿ ಸರ್ಕಾರಗಳ ಪ್ರತಿನಿಧಿಗಳಿದ್ದಾರೆ, ಇಂಜಿನಿಯರುಗಳಿದ್ದಾರೆ. ಮೀನುಗಾರರಿಗೆ ಅಂತ ಒಂದು ಕುರ್ಚಿ ಇಲ್ಲ, ನೀರು ಹಂಚಿದ ಕುಲಕ್ಕೂ ಇಲ್ಲ. ದೆಹಲಿಯಲ್ಲಿ ಕೇಳುವುದೂ ಅದೇ, ನಮ್ಮೂರ ಸಂಘದಲ್ಲಿ ಕೇಳುವುದೂ ಅದೇ: ನಿಮ್ಮದು ಯಾವ ಸರ್ವೆ ನಂಬರು?

2023ರಲ್ಲಿ ಮಳೆ ಕೈಕೊಟ್ಟು ಕನ್ನಂಬಾಡಿ ನೂರು ಅಡಿಗಿಂತ ಕೆಳಗೆ ಇಳಿಯಿತು. ರೈತರು ಬೀದಿಗೆ ಬಂದರು, ಅವರ ಸಂಕಟ ನಿಜವಾದದ್ದು. 2025ರಲ್ಲಿ ಜೂನ್ ತಿಂಗಳಲ್ಲೇ ಕಟ್ಟೆ ತುಂಬಿತು, ಮುಖ್ಯಮಂತ್ರಿಗಳು ಬಾಗಿನ ಬಿಟ್ಟರು. ಎರಡು ಸಲವೂ ಕಟ್ಟೆಯ ಅಡಿ ಎಷ್ಟು ಅಂತ ದಿನಾ ಪತ್ರಿಕೆಯಲ್ಲಿ ಬಂತು. ಕಟ್ಟೆಯ ಕೆಳಗಿನ ಹೊಳೆ ಎಷ್ಟು ಅಡಿ ಇದೆ, ಮೇಲಿನ ಮಡು ಎಷ್ಟು ಇದೆ ಅಂತ ಬರಲಿಲ್ಲ. ಆ ಬರದ ಬೇಸಿಗೆಯಲ್ಲಿ ನಮ್ಮ ದೊಡ್ಡ ಮಡುವಿಗೆ ಮೋಟಾರು ಇಟ್ಟು ಕಬ್ಬಿಗೆ ಎಳೆದರು. ತಳ ಕಂಡ ದಿನ ಊರಿನ ಎಲ್ಲ ಜಾತಿಯವರೂ ಸೊಳ್ಳೆ ಪರದೆ ಹಿಡಿದು ಇಳಿದರು. ಒಂದೇ ಮಧ್ಯಾಹ್ನದಲ್ಲಿ ಬೆರಳುದ್ದದ ಮರಿಯ ತನಕ ಬಳಿದುಕೊಂಡರು. ನಮ್ಮ ಮನೆಗೂ ಒಂದು ತಟ್ಟೆ ಬಂತು. ನಾನು ತಿಂದೆನೋ ಇಲ್ಲವೋ ಅಂತ ಕೇಳಬೇಡಿ, ತಿಂದೆ.

ಸಭೆಯಿಂದ ಎದ್ದು ಬಂದ ಮೇಲೆ ನಾವು ಮೂರು ರಾತ್ರಿ ಕೇರಿಯ ಸಮುದಾಯ ಭವನದಲ್ಲಿ ಕೂತೆವು. ಬೆಸ್ತರ ಮನೆಯವರು ನಮ್ಮ ಕೇರಿಗೆ ಬಂದು ಚಾಪೆ ಮೇಲೆ ಕೂತದ್ದು ಅದೇ ಮೊದಲು. ಅದನ್ನೂ ಹೇಳಬೇಕು. ನಮ್ಮ ತಾತನ ಕಾಲದಲ್ಲಿ ಅವರ ತೆಪ್ಪದಲ್ಲೂ ನಾವು ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂರಬೇಕಿತ್ತು, ದಡ ಸೇರಿದ ಮೇಲೆ ತೆಪ್ಪಕ್ಕೆ ನೀರು ಚೆಲ್ಲಿ ತೊಳೆಯುತ್ತಿದ್ದರು. ಆ ಮುದುಕಪ್ಪನೇ ಅದನ್ನು ಎತ್ತಿದ. "ನಮ್ಮಪ್ಪ ತೊಳೀತಿದ್ದ, ನಾನೂ ತೊಳ್ದಿದೀನಿ ಮೇಷ್ಟ್ರೇ" ಅಂದ. ಯಾರೂ ಮಾತಾಡಲಿಲ್ಲ ಸ್ವಲ್ಪ ಹೊತ್ತು. ಆಮೇಲೆ ನಮ್ಮ ಹುಡುಗ ಒಬ್ಬ "ಈಗ ತೆಪ್ಪನೂ ಇಲ್ಲ, ಹೊಳೆನೂ ಇಲ್ಲ, ಬರೀರಿ ಸಾರ್ ಅರ್ಜಿಯ" ಅಂದ.

ಬರೆದೆ. ಬಳಕೆದಾರರ ಸಂಘದಲ್ಲಿ ಜಮೀನಿಲ್ಲದ ನೀರಿನವರಿಗೂ ಮೀನಿನವರಿಗೂ ಜಾಗ ಬೇಕು, ಮಾತಿಗಷ್ಟೇ ಅಲ್ಲ, ಓಟಿಗೂ. ನಮ್ಮ ನಾಲ್ಕು ಮಡುಗಳ ಹೆಸರು, ಜಾಗ ಬರೆದು ಬೇಸಿಗೆಯಲ್ಲಿ ಅವಕ್ಕೆ ಮೋಟಾರು ಇಡಬಾರದು, ಸುತ್ತ ಮರಳು ತೆಗೆಯಬಾರದು ಅಂದೆವು. ಆರಿದ್ರಾ ಮಳೆಯ ಮೊದಲ ಏರಿಕೆಯಲ್ಲಿ ಎಂಟು ದಿನ ಕಟ್ಟೆಯ ಮೇಲೆ ನೀರು ಹರಿಯಬೇಕು, ಮೇಲಿನ ಅಣೆಕಟ್ಟಿನಿಂದಲೂ ಒಂದೇ ಸಲ ಅಲ್ಲದೆ ಸಣ್ಣಗೆ ಏರಿಸಿ ಬಿಡಬೇಕು. ಕಟ್ಟೆಯ ಒಂದು ಬದಿಗೆ ಮೀನು ಹತ್ತಲು ಕಲ್ಲಿನ ಇಳಿಜಾರು ಮಾಡಿಕೊಡಿ, ಕೂಲಿ ನಾವೇ ಹಾಕುತ್ತೇವೆ ಅಂತಲೂ ಬರೆದೆವು. ಊರಕೆರೆಯ ಮೀನನ್ನು ಹರಾಜಿಗೆ ಮೊದಲು ಊರಿನ ಬೆಸ್ತರು, ಕೇರಿಯವರ ಜಂಟಿ ಗುಂಪಿಗೆ ಕೇಳಬೇಕು. ನಮ್ಮ ಪಾಲಿನ ಮಾತನ್ನೂ ಸೇರಿಸಿದೆವು: ಸೊಳ್ಳೆ ಪರದೆ, ತೋಟೆ, ಬ್ಲೀಚಿಂಗ್ ಪುಡಿ ಬಳಸಿದವನು ನಮ್ಮವನೇ ಆದರೂ ನಾವೇ ಹಿಡಿದುಕೊಡುತ್ತೇವೆ. ಈ ಕೊನೆಯದಕ್ಕೆ ಕೇರಿಯಲ್ಲೇ ಜಗಳ ಆಯಿತು, ಇಬ್ಬರು ಸಹಿ ಹಾಕದೆ ಎದ್ದು ಹೋದರು.

ಮೂವತ್ತೇಳು ಸಹಿ, ಒಂಬತ್ತು ಹೆಬ್ಬೆಟ್ಟು. ಅರ್ಜಿದಾರರ ಸರ್ವೆ ನಂಬರು ಅಂತ ಫಾರಮ್ಮಿನಲ್ಲಿ ಒಂದು ಖಾನೆ ಇತ್ತು. ನಾನು ಗೆರೆ ಎಳೆಯಲು ಹೊರಟೆ. ಮುದುಕಪ್ಪ ತಡೆದು ಅಲ್ಲಿ ಹೇಮಾವತಿ ಹೊಳೆ ಅಂತ ಬರೆಸಿದ. ಕಚೇರಿಯಲ್ಲಿ ಗುಮಾಸ್ತರು ಅದನ್ನು ಓದಿ ನಮ್ಮ ಮುಖ ನೋಡಿದರು, ಏನೂ ಅನ್ನದೆ ಮೊಹರು ಹಾಕಿ ನಕಲು ಪ್ರತಿ ಕೊಟ್ಟರು. ಸಂಘದ ಮುಂದಿನ ಸಭೆ ಮಿರುಗ ಕಳೆದ ಮೇಲಂತೆ. ಈ ಸಲ ನಾವು ನಾಲ್ಕು ಜನ ಅಲ್ಲ, ನಲವತ್ತಾರು ಜನ ಹೋಗುತ್ತೇವೆ.